ಚಪ್ಪಾಳೆ ಹೊಡೆಯದ ಮದುವೆ

ಅವಳ ಕೆಲಸ ಏನೆಂದು ಯಾರಾದರೂ ಕೇಳಿದರೆ ಅವಳ ಅಮ್ಮ ಹೇಳುತ್ತಿದ್ದದ್ದು ಒಂದೇ ಮಾತು: “ಕಂಡವರ ಮದುವೆಗೆ ಹೋಗಿ ಒಂದು ಚಪ್ಪಾಳೆ ಹೊಡ್ದು ಬರ್ತಾಳೆ. ಅದಕ್ಕೆ ಸಂಬಳ ಬೇರೆ ಕೊಡ್ತಾರೆ.” ಕೇಳಿದವರು ನಗುತ್ತಿದ್ದರು. ತಮಾಷೆಯ ಮಾತೇ, ಆದರೆ ಮುಕ್ಕಾಲು ಪಾಲು ನಿಜ.

ಸ್ಟುಡಿಯೋದ ಮೂರು ಕ್ಯಾಮೆರಾಗಳು ಸಭಾಂಗಣದ ಮೂರು ಮೂಲೆಗಳಲ್ಲಿ ಕಾಲೂರಿ ನಿಂತ ಮೇಲೆ, ಇನ್ನೇನು ಶುರುವಾಗಬೇಕು ಅನ್ನುವಾಗ, ಅವಳು ನಟ್ಟನಡುವೆ ಬಂದು ನಿಲ್ಲುತ್ತಿದ್ದಳು. ಎರಡೂ ಕೈ ಎತ್ತಿ ಒಂದೇ ಒಂದು ಸಲ ಫಟ್ಟೆಂದು ತಟ್ಟುತ್ತಿದ್ದಳು. ಅಷ್ಟೇ. ಮರುದಿನ ಕಂಪ್ಯೂಟರಿನಲ್ಲಿ ಮೂರೂ ಕ್ಯಾಮೆರಾಗಳ ಚಿತ್ರವನ್ನು ಮೂರು ಉದ್ದನೆಯ ಪಟ್ಟಿಗಳಾಗಿ ಒಂದರ ಕೆಳಗೊಂದು ಹಾಸಿದಾಗ, ಪ್ರತಿ ಪಟ್ಟಿಯ ಸದ್ದಿನಲ್ಲೂ ಆ ಚಪ್ಪಾಳೆ ಮೊನಚಾದ ಒಂದು ಗುಡ್ಡದ ಹಾಗೆ ಎದ್ದು ಕಾಣುತ್ತಿತ್ತು. ಗುಡ್ಡದ ಕೆಳಗೆ ಗುಡ್ಡ ಎಳೆದು ತಂದಿಟ್ಟರಾಯಿತು, ಅಲ್ಲಿಂದ ಮುಂದೆ ಮೂರು ಕಣ್ಣು ಕಂಡದ್ದೆಲ್ಲ ಒಂದೇ ಹೊತ್ತಿನಲ್ಲಿ ಹರಿಯುತ್ತಿತ್ತು. ಈ ಕಡೆಯಿಂದ ನಕ್ಕವಳ ನಗು ಆ ಕಡೆಯಿಂದ ನೋಡಿದರೂ ಅದೇ ಗಳಿಗೆಯ ನಗು. ಚಪ್ಪಾಳೆ ಇಲ್ಲದಿದ್ದರೆ ಮೂರೂ ಪಟ್ಟಿಗಳು ಒಂದೇ ಮನೆಯಲ್ಲಿದ್ದು ಮಾತು ಬಿಟ್ಟವರ ಹಾಗೆ ತಮ್ಮ ತಮ್ಮ ಪಾಡಿಗೆ ಓಡುತ್ತಿದ್ದವು. ಹೀಗಾಗಿ ಸ್ಟುಡಿಯೋದಲ್ಲಿ ಅವಳಿಗೆ ಚಪ್ಪಾಳಮ್ಮ ಎಂದೇ ಹೆಸರು.

ಈ ಹುಚ್ಚು ಅವಳಿಗೆ ಹುಟ್ಟಿದ್ದು ಐದನೇ ವಯಸ್ಸಿನಲ್ಲಿ. ಮನೆಯೆದುರು ದೊಡ್ಡ ಮೈದಾನ, ಅದರ ಆಚೆ ತುದಿಗೆ ಒಂದು ತಗಡಿನ ಶೆಡ್ಡು. ಅಲ್ಲೊಬ್ಬ ಮನುಷ್ಯ ಹಳೆಯ ಡ್ರಮ್ಮುಗಳನ್ನು ಬಡಿದು ಚಪ್ಪಟೆ ಮಾಡುತ್ತಿದ್ದ. ಸುತ್ತಿಗೆ ಕೆಳಗೆ ಬಂದಾಗ ಸದ್ದಿಲ್ಲ, ಮತ್ತೆ ಮೇಲಕ್ಕೆ ಹೋದ ಮೇಲೆ ಢಣ್ ಎಂದು ಬರುತ್ತಿತ್ತು. ಅವಳು ಕಿಟಕಿಯ ಸರಳು ಹಿಡಿದು ಗಂಟೆಗಟ್ಟಲೆ ಅದನ್ನೇ ನೋಡುತ್ತಿದ್ದಳು. ದಾರಿ ತಪ್ಪಿದ ಸದ್ದು ಮೈದಾನದಲ್ಲೆಲ್ಲ ಅಲೆದಾಡಿ ತಡವಾಗಿ ಮನೆ ಸೇರುತ್ತಿದೆ ಅನ್ನಿಸುತ್ತಿತ್ತು. “ಅಪ್ಪಾ, ಅವನ ಸದ್ದು ಅವನಿಗೆ ಕೊಟ್ಟು ಬಾ” ಎಂದು ಹಟ ಹಿಡಿದಿದ್ದಳಂತೆ. “ನಂಗೆ ಪುರುಸೊತ್ತಿಲ್ಲ, ದೊಡ್ಡವಳಾಗಿ ನೀನೇ ಕೊಡು” ಎಂದಿದ್ದನಂತೆ ಅಪ್ಪ.

ದೊಡ್ಡವಳಾದಳು, ಲಿಫ್ಟ್ ರಿಪೇರಿ ಮಾಡುವವನನ್ನು ಮದುವೆಯಾದಳು, ಒಂದು ಹೆಣ್ಣುಮಗುವಿನ ತಾಯಿಯಾದಳು. ಮಗುವಿಗೆ ಏಳು ತಿಂಗಳಾದಾಗ ಅದನ್ನು ಅಮ್ಮನ ಮಡಿಲಿಗೆ ಹಾಕಿ ಮತ್ತೆ ಕೆಲಸಕ್ಕೆ ಬಂದಳು.

ಸ್ಟುಡಿಯೋ ಇದ್ದದ್ದು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯ ಮೇಲಿನ ಒಂದೂವರೆ ಕೋಣೆಯಲ್ಲಿ. ಕೆಳಗಿನ ಹಬೆ ಮೆಟ್ಟಿಲ ಸಂದಿಯಿಂದ ಮೇಲೆ ಬಂದು, ಬೆಳಗಿನ ಹೊತ್ತು ಕೋಣೆಯಲ್ಲಿ ತೆಳ್ಳಗೆ ಮಂಜು ಕಟ್ಟಿದ ಹಾಗಿರುತ್ತಿತ್ತು. ಎಲ್ಲದಕ್ಕೂ ಬಿಸಿ ಬಟ್ಟೆಯ ವಾಸನೆ. ಕಿಟಕಿಗೆ ಕಪ್ಪು ಪರದೆ, ಎರಡು ಸ್ಕ್ರೀನು, ಒಂದು ಕೈ ಮುರಿದ ಕುರ್ಚಿ. ಯಜಮಾನ ಉದ್ದಕ್ಕೆ ಬಿದಿರಿನ ಹಾಗಿದ್ದ. ಸದಾ ಹೆಗಲ ಮೇಲೆ ಕ್ಯಾಮೆರಾದ ಮೂರು ಕಾಲಿನ ಸ್ಟ್ಯಾಂಡು ಹೊತ್ತೇ ತಿರುಗುತ್ತಿದ್ದುದರಿಂದ ಎಲ್ಲರೂ ಅವನನ್ನು ಮುಕ್ಕಾಲಿ ಎನ್ನುತ್ತಿದ್ದರು. ಒಳ್ಳೆಯವನು, ಆದರೆ ಒಳ್ಳೆಯತನವನ್ನು ಎಲ್ಲಿ ನಿಲ್ಲಿಸಬೇಕೆಂದು ತಿಳಿಯದವನು.

ವಾಪಸ್ಸಾದ ಹೊಸದರಲ್ಲಿ ಅವಳಿಗೆ ದಿನವೆಲ್ಲ ಅರ್ಧ ನಿದ್ದೆಯಲ್ಲಿ ನಡೆದ ಹಾಗಿರುತ್ತಿತ್ತು. ಸ್ಕ್ರೀನಿನಲ್ಲಿ ಯಾರದೋ ಮಗು ಅತ್ತರೆ ಅವಳ ರವಿಕೆ ಒದ್ದೆಯಾಗುತ್ತಿತ್ತು. ಮಧ್ಯಾಹ್ನ ಹನ್ನೆರಡೂವರೆಗೆ ಮನೆಗೆ ಓಡಿ ಹಾಲು ಕುಡಿಸಿ ಒಂದೂವರೆಗೆ ಮರಳುವಳು. ಮಗು ಆಗ ತಾನೇ ಚಪ್ಪಾಳೆ ಕಲಿಯುತ್ತಿತ್ತು. ಎರಡು ಅಂಗೈಗಳೂ ಒಂದನ್ನೊಂದು ತಪ್ಪಿಸಿಕೊಂಡು ಆಚೀಚೆ ಹೋಗಿಬಿಡುತ್ತಿದ್ದವು. “ನೋಡು, ನಿನ್ನ ಮಗಳಿಗೆ ನಿನ್ನ ಕೆಲಸ ಬರಲ್ಲ” ಎಂದು ಅಮ್ಮ ನಗುತ್ತಿದ್ದಳು.

ಆ ಮದುವೆಯ ದಿನ ಮಗುವಿಗೆ ಜ್ವರ. ಅವಳು ಹೋಗಲಿಲ್ಲ. ಹುಡುಗ, ಹುಡುಗಿ ಇಬ್ಬರಿಗೂ ಕಿವಿ ಕೇಳಿಸುತ್ತಿರಲಿಲ್ಲ. ಹುಡುಗ ಅಚ್ಚುಕೂಟದಲ್ಲಿ ಯಂತ್ರ ನಡೆಸುವವನು, ಹುಡುಗಿ ಕನ್ನಡಕದ ಅಂಗಡಿಯಲ್ಲಿ ಗಾಜು ಅರೆಯುವವಳು. ಹುಡುಗನ ತಾಯಿಗೂ ಕೇಳಿಸದು. ಬಂದ ನೆಂಟರಲ್ಲಿ ಅರ್ಧಕ್ಕರ್ಧ ಕೈಯಲ್ಲೇ ಮಾತಾಡುವವರು. ಫೋಟೋಗೆ ಫ್ಲಾಶ್ ಹೊಡೆಯಬೇಡಿ ಎಂದು ಮೊದಲೇ ಹೇಳಿದ್ದರು. ಕೈಮಾತು ಓದುವ ಕಣ್ಣಿಗೆ ಮಿಂಚು ಬಡಿದರೆ ಮಾತಿನ ನಡುವೆ ಯಾರೋ ಕಿರುಚಿದ ಹಾಗಾಗುತ್ತದಂತೆ. ಮದುವೆಯ ಮುಖ್ಯ ಭಾಗ ಇಷ್ಟೇ: ಗಂಡು ಹೆಣ್ಣು ಎದುರುಬದುರು ನಿಂತು, ಅವನು ನಾಲ್ಕು ಪ್ರಶ್ನೆ ಕೇಳುವುದು, ಅವಳು ನಾಲ್ಕು ಉತ್ತರ ಕೊಡುವುದು. ಪ್ರಶ್ನೆ ಏನೆಂದು ಅವಳಿಗೆ ಮೊದಲೇ ಗೊತ್ತಿಲ್ಲ, ಉತ್ತರ ಏನೆಂದು ಅವನಿಗೆ ಗೊತ್ತಿಲ್ಲ. ಅವರಿಬ್ಬರೇ ಮಾಡಿಕೊಂಡ ಏರ್ಪಾಡು.

ಮರುದಿನ ಮುಕ್ಕಾಲಿ ಮೂರೂ ಕ್ಯಾಮೆರಾಗಳ ಮೆಮೊರಿ ಕಾರ್ಡುಗಳನ್ನು ಮೇಜಿನ ಮೇಲಿಟ್ಟ.

“ಚಪ್ಪಾಳೆ ಯಾರು ಹೊಡೆದ್ರು?” ಅವಳು ಕೇಳಿದಳು.

ಮುಕ್ಕಾಲಿ ಸ್ಟ್ಯಾಂಡಿನ ತಿರುಪು ಬಿಗಿ ಮಾಡತೊಡಗಿದ, ಅದು ಬಿಗಿಯಾಗಿಯೇ ಇತ್ತು. “ಅದೂ... ಹೊಡೀಲಿಲ್ಲ.”

“ಮರೆತ್ರಾ?”

“ಮರೀಲಿಲ್ಲ ಮಾರಾಯ್ತಿ. ಕೈ ಎತ್ತಿದೆ. ಎಲ್ರೂ ನನ್ನೇ ನೋಡ್ತಿದ್ರು. ಕೇಳಿಸದವರ ಮುಂದೆ ನಿಂತು ಫಟ್ ಅಂತ ಹೊಡೆದ್ರೆ ಅಣಕಿಸಿದ ಹಾಗಾಗಲ್ವಾ? ಮನಸ್ಸು ಬರ್ಲಿಲ್ಲ. ಎತ್ತಿದ ಕೈಲಿ ತಲೆ ಕೆರಕೊಂಡು ಬಂದೆ.”

“ಸರಿ. ಬೇರೆ ಸದ್ದು ಇರತ್ತಲ್ಲ, ಕುರ್ಚಿ ಎಳೆದದ್ದು, ಮಕ್ಕಳು ಕೂಗಿದ್ದು. ಅದ್ರಲ್ಲೇ ನೋಡ್ತೀನಿ.”

ಮುಕ್ಕಾಲಿಯ ದನಿ ಇನ್ನೂ ಕೆಳಗಿಳಿಯಿತು. “ಎರಡರಲ್ಲಿ ಮೈಕ್ ಆಫ್ ಮಾಡ್ಬಿಟ್ಟಿದ್ದೆ. ಅವರ ಮದುವೇಲಿ ಸದ್ದಿಗೇನು ಕೆಲಸ ಅಂತ.”

“ದೇವ್ರೇ! ನಿಮ್ಮ ಮರ್ಯಾದೆಗೆ ಒಂದು ಮಿತಿ ಇಲ್ವಾ?”

ಸಾಫ್ಟ್‌ವೇರಿನಲ್ಲಿ ಸದ್ದು ನೋಡಿ ತಾನೇ ಜೋಡಿಸುವ ಒಂದು ಗುಂಡಿ ಇತ್ತು. ಒತ್ತಿದಳು. ಅದು ಸ್ವಲ್ಪ ಹೊತ್ತು ಯೋಚನೆ ಮಾಡಿದ ಹಾಗೆ ಮಾಡಿ, ಊಟ ಮಾಡುತ್ತಿದ್ದ ಮದುಮಗಳ ಪಕ್ಕದಲ್ಲೇ ಇನ್ನೂ ಬಾಗಿಲಲ್ಲಿ ಕಾರಿಳಿಯುತ್ತಿದ್ದ ಮದುಮಗಳನ್ನು ತಂದು ನಿಲ್ಲಿಸಿತು. ಕ್ಯಾಮೆರಾಗಳ ಗಡಿಯಾರ ನೋಡೋಣವೆಂದರೆ ಒಂದು ಏಳು ನಿಮಿಷ ಮುಂದೆ, ಒಂದಕ್ಕೆ ಬ್ಯಾಟರಿ ಸತ್ತು ಬದುಕಿ ತಾನಿನ್ನೂ ಹನ್ನೊಂದು ವರ್ಷದ ಹಿಂದಿನ ಒಂದು ಜನವರಿಯಲ್ಲಿದ್ದೇನೆ ಎಂಬ ನಂಬಿಕೆ. ಅವಳಿಗೆ ಆ ಕ್ಯಾಮೆರಾದ ಮೇಲೆ ಅಕ್ಕರೆಯೇ ಉಕ್ಕಿತು. ಹನ್ನೊಂದು ವರ್ಷದ ಹಿಂದೆ ಈ ಮದುಮಕ್ಕಳು ಶಾಲೆಗೆ ಹೋಗುತ್ತಿದ್ದಿರಬೇಕು.

ಚಿತ್ರದಲ್ಲೇ ಎಲ್ಲಾದರೂ ಗುರುತು ಸಿಗುವುದೇ ಎಂದರೆ ಅದೂ ಇಲ್ಲ. ಒಂದು ಕ್ಯಾಮೆರಾ ಹುಡುಗಿಯ ಮೇಲೆ, ಒಂದು ಹುಡುಗನ ಮೇಲೆ. ಮುಕ್ಕಾಲಿಗೆ ತೀರಾ ಹತ್ತಿರದ ಚಿತ್ರದ ಹುಚ್ಚು. ಒಬ್ಬರ ಚೌಕಟ್ಟಿನೊಳಗೆ ಇನ್ನೊಬ್ಬರ ಒಂದು ಕೂದಲೂ ಇಣುಕದು. ಮೂರನೆಯದು ನೆಂಟರ ಕಡೆ, ಬಾಗಿಲ ಕಡೆ ಮುಖ ಮಾಡಿತ್ತು.

ಮೊದಲು ಪಟ್ಟಿಗಳನ್ನು ಶುಚಿ ಮಾಡಿಕೊಂಡಳು. ಅಲುಗಾಡಿದ್ದು, ಮಸುಕಾದದ್ದು, ಕತ್ತಲಾದದ್ದು, ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ ಕೈ ತಾನಾಗಿ ತೆಗೆದು ಹಾಕುತ್ತಿತ್ತು. ಮಗುವಿನ ಜ್ವರ, ನೆಗಡಿಗಳ ನಡುವೆ ದಿನಕ್ಕೊಂದು ಕ್ಯಾಮೆರಾದಂತೆ ಮೂರು ದಿನ. ಚಿತ್ರದಲ್ಲಿ ಅಲ್ಲಲ್ಲಿ ಕರೆಂಟು ಹೋಗಿ ಬಂದದ್ದೂ ಇತ್ತು, ಅದನ್ನೂ ತೆಗೆದಳು.

ಆಮೇಲೆ ಕೂತು ನೋಡಿದಳು. ಸದ್ದಿಲ್ಲದ ಮದುವೆ. ಬಿಳಿ ಪರದೆಗಳು ಉಸಿರಾಡಿದ ಹಾಗೆ ಉಬ್ಬಿ ಇಳಿಯುತ್ತಿದ್ದವು. ಹುಡುಗಿಯ ಕೈಗಳು ಗಾಳಿಯಲ್ಲಿ ಏನನ್ನೋ ಬಿಡಿಸಿ, ಕೊಡವಿ, ಮಡಚಿ, ಎದುರಿನವನ ಮುಂದೆ ಇಡುತ್ತಿದ್ದವು, ಒಗೆದೊಣಗಿದ ಸಣ್ಣ ಸಣ್ಣ ಬಟ್ಟೆಗಳನ್ನು ಇಟ್ಟ ಹಾಗೆ. ಕೆಳಗಿನ ಅಂಗಡಿಯ ಹಬೆ ಮೇಲೆ ಬರುತ್ತಿತ್ತು. ಅವಳಿಗೆ ಆ ಮಾತಿನ ಒಂದಕ್ಷರವೂ ತಿಳಿಯದು, ಆದರೂ ಕನಸಿನಲ್ಲಿ ತಿಳಿದ ಹಾಗೆ ಎಲ್ಲ ತಿಳಿಯುತ್ತಿದೆ ಅನ್ನಿಸಿತು. ಒಂದು ಕಡೆ ಹುಡುಗಿ ಮೆಲ್ಲಗೆ ತಲೆಯನ್ನು ಅಡ್ಡಡ್ಡ ಆಡಿಸಿ, ಎದೆಯ ಮುಂದೆ ಕೈ ಬಿಡಿಸಿದಳು. ಇನ್ನೊಂದು ಪಟ್ಟಿಯಲ್ಲಿ ಒಂದು ಕಡೆ ಹುಡುಗನ ಕಣ್ಣುಗಳು ತುಂಬಿ ಬಂದವು. ‘ಎಂದಿಗೂ ಬಿಟ್ಟು ಹೋಗಲ್ಲ’ ಎಂದಿರಬೇಕು, ಅದನ್ನು ಕಂಡು ಅವನಿಗೆ ಅಳು ಬಂದಿರಬೇಕು. ಎರಡನ್ನೂ ಒಂದರ ಕೆಳಗೊಂದು ಎಳೆದು ತಂದಳು. ಎಷ್ಟು ಚೆಂದ ಕೂತಿತು! ಅವಳ ಕಣ್ಣೂ ಒದ್ದೆಯಾಯಿತು. ಆ ಪ್ರಶ್ನೋತ್ತರದ ತುಣುಕನ್ನಷ್ಟೇ ಮೊದಲು ನೋಡಬೇಕೆಂದು ಮನೆಯವರು ಕೇಳಿದ್ದರು. ಕಳಿಸಿಬಿಟ್ಟಳು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಮದುಮಗಳೇ ಮೆಟ್ಟಿಲು ಹತ್ತಿ ಬಂದಳು. ಕಂಕುಳಲ್ಲಿ ಒಂದು ನೋಟ್‌ಬುಕ್ಕು. ಕಣ್ಣು ಕೆಂಪಗಿತ್ತು. ಕೂರಲಿಲ್ಲ. ನಿಂತೇ ಬರೆದು ಎದುರಿಗೆ ಹಿಡಿದಳು.

“ನಾನು ಹೇಳದ ಮಾತನ್ನ ನನ್ನ ಕೈಲಿ ಹೇಳಿಸಿದ್ದೀರಿ.”

ಚಪ್ಪಾಳಮ್ಮ ಪೆನ್ನು ತೆಗೆದುಕೊಂಡು ಅದರ ಕೆಳಗೆ ಬರೆದಳು: “ಏನಾಯ್ತು? ಕೂತ್ಕೊಳ್ಳಿ ಮೊದಲು.”

ಹುಡುಗಿ ಕುಳಿತು ಬರೆಯುತ್ತಾ ಹೋದಳು. ಅಕ್ಷರಗಳು ಸಿಟ್ಟಿನಿಂದ ಓರೆಯಾಗಿದ್ದವು. ಅವನ ಮೊದಲ ಪ್ರಶ್ನೆ, ನಾನು ಮರೆತದ್ದನ್ನ ನೆನಪಿಸ್ತೀಯಾ? ಎರಡನೆಯದು, ಬೆಳಿಗ್ಗೆ ಐದಕ್ಕೆ ನನ್ನ ಜೊತೆ ಓಡೋಕೆ ಬರ್ತೀಯಾ? ಮೂರನೆಯದು, ಅಮ್ಮ ನಮ್ಮ ಜೊತೆಗೇ ಇರ್ತಾಳೆ, ಸರಿನಾ? “ಓಡೋಕೆ ಬರ್ತೀಯಾ ಅಂದದ್ದಕ್ಕೆ ನಾನು ಹೇಳಿದ್ದು, ‘ಆಗಲ್ಲ, ಅದೊಂದು ಮಾತ್ರ ನನ್ನಿಂದ ಆಗಲ್ಲ’ ಅಂತ. ಐದು ಗಂಟೆಗೆ ಯಾರು ಏಳ್ತಾರೆ? ನೀವು ಕಳಿಸಿದ್ರಲ್ಲಿ ಅವನು ಅಮ್ಮನ ವಿಷಯ ಕೇಳ್ತಾನೆ, ನಾನು ಆಗಲ್ಲ ಅಂತೀನಿ, ಅವನು ಅಳ್ತಾನೆ.”

ಚಪ್ಪಾಳಮ್ಮ ಪಟ್ಟಿಗಳನ್ನು ತೆರೆದು ನೋಡಿದಳು. ಒಂದು ಪ್ರಶ್ನೆಯಷ್ಟು ಹಿಂದೆ ಬಿದ್ದಿತ್ತು ಹುಡುಗಿಯ ಪಟ್ಟಿ. ಆರೇ ಆರು ಸೆಕೆಂಡು.

“ನಿಮ್ಮ ಅತ್ತೆ ನೋಡಿದ್ರಾ?” ಎಂದು ಬರೆದಳು.

“ಮೊದಲು ನೋಡಿದ್ದೇ ಅವರು.”

ಉಳಿದದ್ದು ತುಂಡು ತುಂಡಾಗಿ ಹೊರಬಿತ್ತು. ಮದುವೆಯ ದಿನ ಅತ್ತೆಯನ್ನು ಮಗನ ಬೆನ್ನ ಹಿಂದೆ ನಿಲ್ಲಿಸಿದ್ದು ಮುಕ್ಕಾಲಿಯೇ, ಅಲ್ಲಿ ಬೆಳಕು ಚೆನ್ನಾಗಿದೆ ಎಂದು. ಅಲ್ಲಿಂದ ಮಗನ ಕೈ ಕಾಣಲಿಲ್ಲ, ಅವನು ಏನು ಕೇಳಿದನೋ ಗೊತ್ತಾಗಲಿಲ್ಲ. ಸೊಸೆಯೂ ಅವನ ಅಗಲ ಹೆಗಲ ಹಿಂದೆ ಮರೆ. ಒಂದೇ ಒಂದು ಉತ್ತರ ಮಾತ್ರ ಮೊಣಕೈ ಸಂದಿನಿಂದ ಕಂಡಿತ್ತು: ತಲೆ ಆಡಿಸಿ ‘ಆಗಲ್ಲ’ ಎಂದದ್ದು. ಅಂದಿನಿಂದ ಅದು ಅವರ ಎದೆಯಲ್ಲಿ ಮುಳ್ಳಾಗಿತ್ತು. ವಿಡಿಯೋ ಬಂದ ಮೇಲೆ ಯಾವುದಕ್ಕೆ ಆಗಲ್ಲ ಎಂದದ್ದು ಎಂಬುದೂ ತಿಳಿಯಿತು, ಅಷ್ಟಕ್ಕೇ ಫೋನು ಮಗುಚಿಟ್ಟರು. ಮಗ ಎಷ್ಟು ಹೇಳಿದರೂ ಕೇಳಲಿಲ್ಲ, ಹೆಂಡತಿಯನ್ನು ಬಿಟ್ಟುಕೊಡ್ತಾನಾ ಅಂದರು. ಕಣ್ಣಾರೆ ಕಂಡದ್ದು, ಅಂದರು. ಶನಿವಾರ ಮಧ್ಯಾಹ್ನದ ಬಸ್ಸಿಗೆ ದೊಡ್ಡ ಮಗಳ ಮನೆಗೆ ಹೊರಟಿದ್ದಾರೆ, ಇನ್ನು ಅಲ್ಲೇ ಇರುವುದಂತೆ. ಬಟ್ಟೆ ಚೀಲಕ್ಕೆ ತುಂಬಿಟ್ಟಾಗಿದೆ.

“ನನಗೆ ಅಮ್ಮ ಇಲ್ಲ. ಅವರ ಜೊತೆ ಇರೋಕೆ ಅಂತಲೇ ಅರ್ಧ ಆಸೆಪಟ್ಟು ಮದುವೆಯಾದೆ” ಎಂದು ಬರೆದು ಹುಡುಗಿ ಪೆನ್ನು ಕೆಳಗಿಟ್ಟಳು.

ಅಷ್ಟು ಹೊತ್ತೂ ಗೋಡೆಗೆ ಒರಗಿ ನಿಂತಿದ್ದ ಮುಕ್ಕಾಲಿ, “ಎಲ್ಲಾ ನನ್ನಿಂದ್ಲೇ ಆದದ್ದು ಅಂತ ಬರಿ” ಎಂದ.

“ನಿಮ್ಮಿಂದ ಅರ್ಧ” ಎಂದಳು ಚಪ್ಪಾಳಮ್ಮ. “ಗೊತ್ತಿಲ್ದಿದ್ರೂ ಚೆಂದ ಕಂಡಿತು ಅಂತ ಕೂರಿಸಿದೆನಲ್ಲ, ಅದು ನಂದು.”

ಅಂದು ಗುರುವಾರ. ಅವಳು ಪಟ್ಟಿಗಳನ್ನು ಬಿಚ್ಚಿ ಹೊಸದಾಗಿ ಹಾಸಿದಳು. ಹುಡುಗಿ ಪಕ್ಕದಲ್ಲಿ ಕೂತು ಯಾವ ಪ್ರಶ್ನೆಗೆ ಯಾವ ಉತ್ತರ ಎಂದು ಬೆರಳಿಟ್ಟು ತೋರಿಸಿದಳು. ನಡುನಡುವೆ ಕೈಮಾತನ್ನೂ ಕಲಿಸಿದಳು: ಇದು ಅಮ್ಮ, ಇದು ದಿನಾ, ಇದು ಓಡೋದು. ಮುಕ್ಕಾಲಿ ಚಪ್ಪಾಳೆ ಹೊಡೆಯದೆ ಉಳಿದ ಕತೆಯನ್ನು ಚಪ್ಪಾಳಮ್ಮ ಬರೆದು ತೋರಿಸಿದಾಗ ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಹೊಡೀಬೇಕಿತ್ತು! ನಮಗೇನು ಬೇಜಾರು? ನಾವು ಖುಷಿಯಾದ್ರೆ ಎರಡೂ ಕೈ ಮೇಲೆತ್ತಿ ಅಲ್ಲಾಡಿಸ್ತೀವಿ. ಅವರು ತಲೆ ಕೆರಕೊಂಡದ್ದನ್ನ ನೋಡಿ, ಪಾಪ ಹೇನು ಇರಬೇಕು ಅಂದ್ರು ನಮ್ಮತ್ತೆ.” ಮುಕ್ಕಾಲಿ ಆ ಪುಟವನ್ನು ಎರಡು ಸಲ ಓದಿ, ಕೆಳಗೆ ಹೋಗಿ ಚಹಾ ತರುತ್ತೇನೆಂದು ಮಾಯವಾದ.

ಮಧ್ಯಾಹ್ನದ ಹೊತ್ತಿಗೆ ಪ್ರಶ್ನೆ ಉತ್ತರ ಸಾಲಾಗಿ ನಿಂತವು. ಆದರೆ ಹುಡುಗಿಯ ಮುಖ ಅರಳಲಿಲ್ಲ.

“ಅತ್ತೆ ನಂಬಲ್ಲ” ಎಂದು ಬರೆದಳು. “ಮೊದಲು ಒಂದು ಥರ ಇತ್ತು, ಈಗ ಒಂದು ಥರ. ಸೊಸೆ ಹೋಗಿ ಅತ್ತು ಸರಿ ಮಾಡಿಸ್ಕೊಂಡು ಬಂದಳು ಅಂತಾರೆ. ನಾನಾದ್ರೂ ಹಾಗೇ ಅಂತಿದ್ದೆ.”

ಮಾತು ಸರಿಯೇ. ಎರಡು ಪಟ್ಟಿ ಎಲ್ಲಿ ಬೇಕಾದರೂ ಕೂರುತ್ತವೆ. ತಾನೇ ಕೂರಿಸಿ ತೋರಿಸಿದ್ದಳಲ್ಲ. ಬೇಕಾದ ಹಾಗೆ ಜೋಡಿಸಿದ್ದಲ್ಲ, ಇದ್ದದ್ದೇ ಹೀಗೆ ಎಂದು ಅತ್ತೆಯ ಕಣ್ಣಿಗೆ ಒಪ್ಪಿಸುವ ಒಂದು ಗುರುತು ಬೇಕಿತ್ತು. ಹನ್ನೆರಡೂವರೆ ಆಗಿಹೋಗಿತ್ತು. ಹುಡುಗಿಯನ್ನು ಅಲ್ಲೇ ಕೂರಿಸಿ ಅವಳು ಮನೆಗೆ ಓಡಿ, ಮಗುವಿಗೆ ಹಾಲು ಕುಡಿಸುತ್ತಾ ಅದನ್ನೇ ಯೋಚಿಸಿದಳು. ಮಗು ಕುಡಿಯುವುದನ್ನು ಬಿಟ್ಟು ಬಿಟ್ಟು ಅವಳ ಮುಖ ನೋಡಿತು. “ಅರ್ಧ ಇಲ್ಲಿದ್ದೀಯ, ಅರ್ಧ ಎಲ್ಲೋ” ಎಂದಳು ಅಮ್ಮ. “ಅದಕ್ಕೂ ಗೊತ್ತಾಗತ್ತೆ.”

ಮರಳಿ ಬಂದು, ಮೈಕ್ ಆಫ್ ಮಾಡದೆ ಉಳಿದಿದ್ದ ಮೂರನೇ ಕ್ಯಾಮೆರಾದ ಸದ್ದನ್ನಾದರೂ ಕೇಳೋಣವೆಂದು ಹೆಡ್‌ಫೋನು ಹಾಕಿ ಕಣ್ಣು ಸ್ಕ್ರೀನಿಗೆ ನೆಟ್ಟಳು. ಕುರ್ಚಿ ಎಳೆದ ಸದ್ದು. ಯಾವುದೋ ಮಗುವಿನ ಕೇಕೆ. ಗಾಳಿ. ದೂರದಲ್ಲೊಂದು ಬಾಗಿಲು. ಆ ಸದ್ದುಗಳೊಳಗೆ ಅವಳು ಎಷ್ಟು ದೂರ ಹೋದಳೋ, ಇದ್ದಕ್ಕಿದ್ದಂತೆ ಕೋಣೆ ಕತ್ತಲಾಗಿ ಮತ್ತೆ ಬೆಳಗಿತು. ಮತ್ತೆ ಕತ್ತಲು, ಮತ್ತೆ ಬೆಳಕು.

“ಅಯ್ಯೋ, ಕರೆಂಟ್ ಹೋಯ್ತಾ?” ಎಂದು ತಿರುಗಿದಳು.

ಹುಡುಗಿ ಬಾಗಿಲ ಪಕ್ಕ ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದಳು. ನೋಟ್‌ಬುಕ್ಕು ಹಿಡಿದಳು: “ಎಷ್ಟು ಸಲ ಕೈ ಬೀಸಿದೆ, ನೀವು ನೋಡಲೇ ಇಲ್ಲ. ಅದಕ್ಕೇ ಕರೆದೆ. ನಾನು ಹೊರಡ್ತೀನಿ.”

“ಕರೆದ್ರಾ?” ಚಪ್ಪಾಳಮ್ಮ ಅದರ ಕೆಳಗೆ ಬರೆದಳು.

“ನಮ್ಮಲ್ಲಿ ಹೀಗೇ ಕರೆಯೋದು. ಮನೇಲಿ ಒಬ್ಬರನ್ನ ಕರೆಯೋಕೂ ಹೀಗೇ, ನೂರು ಜನ ಇದ್ರೂ ಹೀಗೇ. ದೀಪ ಆರಿಸಿ ಹಚ್ಚಿದ್ರೆ ಎಲ್ಲರೂ ತಿರುಗ್ತಾರೆ. ಮದುವೇಲೂ ಅತ್ತೆ ಹೀಗೇ ಮಾಡಿದ್ರಲ್ಲ, ನಾವು ಮಾತು ಶುರು ಮಾಡೋ ಮೊದಲು. ಆಮೇಲೆ ಬಂದು ಅವನ ಹಿಂದೆ ನಿಂತ್ರು.”

ಚಪ್ಪಾಳಮ್ಮ ಹೆಡ್‌ಫೋನು ಕಳಚಿದಳು. ಅವಳ ಕೈ ಆರಿಸಿ ಬಿಸಾಡಿದ ಕಲ್ಲುಗಳೆಲ್ಲ ಒಂದೊಂದಾಗಿ ನೆನಪಾದವು. ಕರೆಂಟು ಹೋಗಿ ಬಂದ ಜಾಗಗಳು. ಸೋಮವಾರ ಒಂದರಲ್ಲಿ, ಮಂಗಳವಾರ ಇನ್ನೊಂದರಲ್ಲಿ, ಬುಧವಾರ ಮತ್ತೊಂದರಲ್ಲಿ. ಅದು ಕರೆಂಟು ಹೋದದ್ದಲ್ಲ. ಒಬ್ಬ ತಾಯಿ ಎಲ್ಲರನ್ನೂ ಕರೆದದ್ದು.

“ಐದು ನಿಮಿಷ ಇರಿ” ಎಂದು ಬಾಯಲ್ಲೇ ಹೇಳಿ, ಆಮೇಲೆ ನೆನಪಾಗಿ ಐದು ಬೆರಳು ತೋರಿಸಿದಳು.

ಕ್ಯಾಮೆರಾದಿಂದ ಬಂದ ಮೂಲ ಚಿತ್ರಗಳನ್ನು ಅವಳು ಎಂದೂ ಅಳಿಸುತ್ತಿರಲಿಲ್ಲ. ಮೂರನ್ನೂ ಮತ್ತೆ ತೆರೆದಳು. ಹುಡುಗಿಯ ಮುಖ, ಕತ್ತಲು. ಹುಡುಗನ ಮುಖ, ಕತ್ತಲು. ನೆಂಟರ ಸಾಲು, ಕತ್ತಲು. ಎರಡೆರಡು ಸಲ. ಒಂದು ಸೆಕೆಂಡಿಗೆ ಇಪ್ಪತ್ತೈದು ಚಿತ್ರ. ಒಂದೊಂದೇ ಚಿತ್ರವಾಗಿ ಮುಂದೆ ಹೋದಳು, ಬೆಳಕು, ಬೆಳಕು, ಬೆಳಕು, ಅಗೋ ಮಸುಕು, ಅಗೋ ಕಪ್ಪು. ಮೂರು ಪಟ್ಟಿಯಲ್ಲೂ ಆ ಮೊದಲ ಕಪ್ಪು ಚಿತ್ರಕ್ಕೆ ಗುರುತು ಹಾಕಿ, ಒಂದರ ಕೆಳಗೆ ಒಂದು ತಂದಿಟ್ಟಳು. ಪ್ರಶ್ನೆಗಳ ಕೆಳಗೆ ಉತ್ತರಗಳು ತಾವಾಗಿಯೇ ಬಂದು ನಿಂತವು, ಹುಡುಗಿ ಬೆರಳಿಟ್ಟು ತೋರಿಸಿದ ಕ್ರಮದಲ್ಲೇ. ಬಾಗಿಲ ಕಡೆಗಿದ್ದ ಕ್ಯಾಮೆರಾದಲ್ಲಿ, ನೆಂಟರ ಹಿಂದೆ, ಗೋಡೆಯ ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತಿದ್ದರು ನೀಲಿ ಸೀರೆಯ ಒಬ್ಬ ಹೆಂಗಸು. ಹುಡುಗಿ ಸ್ಕ್ರೀನಿಗೆ ಬೆರಳೊತ್ತಿ, ಬೆಳಿಗ್ಗೆಯಷ್ಟೇ ಕಲಿಸಿದ್ದ ಸನ್ನೆ ಮಾಡಿದಳು: ಅಮ್ಮ.

ಶನಿವಾರ ಹನ್ನೊಂದಕ್ಕೆ ಅತ್ತೆ ಬಂದರು. ಸೊಸೆಯ ಒತ್ತಾಯಕ್ಕಲ್ಲ, ಸ್ಟುಡಿಯೋ ಬಸ್ಸಿನ ದಾರಿಯಲ್ಲೇ ಇದ್ದುದರಿಂದ ಬಂದದ್ದು ಎಂದು ಮೊದಲೇ ಸೊಸೆಯ ಕೈಲಿ ಬರೆಸಿ ತಿಳಿಸಿದರು. ಗಟ್ಟಿ ಗಿಡ್ಡ ಹೆಂಗಸು. ಮಡಿಕೆ ಕೆಡದ ನೀಲಿ ಸೀರೆ. ಕೈಯಲ್ಲಿ ಉಬ್ಬಿದ ಕಂದು ಚೀಲ. ಮುಕ್ಕಾಲಿ ಕುರ್ಚಿ ಎಳೆದ ಕೂಡಲೇ ಅವನ ತಲೆಯ ಕಡೆ ಒಮ್ಮೆ ಕನಿಕರದಿಂದ ನೋಡಿ ಕೂತರು. ಚೀಲವನ್ನು ಮಡಿಲಲ್ಲೇ ಇಟ್ಟುಕೊಂಡರು.

ಚಪ್ಪಾಳಮ್ಮ ಮೂರು ಚಿತ್ರವನ್ನೂ ಪಕ್ಕಪಕ್ಕ ಇಟ್ಟಿದ್ದಳು. ಏನನ್ನೂ ಕತ್ತರಿಸಿರಲಿಲ್ಲ. ಅಲುಗಾಡಿದ್ದು ಅಲುಗಾಡಿದ ಹಾಗೆ, ಮಸುಕಾದದ್ದು ಮಸುಕಾದ ಹಾಗೆ. ಮೊದಲ ಮದುವೆಗೆ ಹೋದ ದಿನವೂ ಹೀಗೆ ಹೆದರಿರಲಿಲ್ಲ.

ಎಡಗಡೆ ಸೊಸೆ ಕೂದಲು ಸರಿಮಾಡಿಕೊಳ್ಳುತ್ತಿದ್ದಳು. ನಡುವೆ ಮಗ ಎಂಜಲು ನುಂಗುತ್ತಿದ್ದ. ಬಲಗಡೆ ನೀಲಿ ಸೀರೆ ನೆಂಟರ ಹಿಂದಿನಿಂದ ಗೋಡೆಯ ಕಡೆ ನಡೆಯಿತು. ಅತ್ತೆ ಕುರ್ಚಿಯಲ್ಲಿ ಸ್ವಲ್ಪ ಮುಂದೆ ಬಂದರು. ಕೈ ಸ್ವಿಚ್ಚಿಗೆ ಹೋಯಿತು. ಮೂರೂ ಚಿತ್ರ ಒಟ್ಟಿಗೇ ಕತ್ತಲಾದವು, ಮೂರೂ ಒಟ್ಟಿಗೇ ಬೆಳಗಿದವು. ಮತ್ತೊಮ್ಮೆ. ತಮ್ಮ ಒಂದು ಬೆರಳಿಗೆ ಮಗ, ಸೊಸೆ, ನೂರು ಜನ ನೆಂಟರು ಕಣ್ಣು ಮುಚ್ಚಿ ತೆರೆದ ಹಾಗೆ. ಅತ್ತೆಯ ಬಲಗೈ ಚೀಲದ ಮೇಲಿನಿಂದ ತಾನಾಗಿ ಎದ್ದು, ಗಾಳಿಯಲ್ಲಿ ಆ ಸ್ವಿಚ್ಚನ್ನು ಒತ್ತಿತು.

ಮಗ ಕೇಳಿದ: ನಾನು ಮರೆತದ್ದನ್ನ ನೆನಪಿಸ್ತೀಯಾ? ಸೊಸೆ: ದಿನಾ.

ಬೆಳಿಗ್ಗೆ ಐದಕ್ಕೆ ನನ್ನ ಜೊತೆ ಓಡೋಕೆ ಬರ್ತೀಯಾ? ಸೊಸೆ ತಲೆಯಾಡಿಸಿದಳು. ಆಗಲ್ಲ, ಅದೊಂದು ಮಾತ್ರ ನನ್ನಿಂದ ಆಗಲ್ಲ. ಮಗ ನಕ್ಕ.

ಅಮ್ಮ ನಮ್ಮ ಜೊತೆಗೇ ಇರ್ತಾಳೆ, ಸರಿನಾ?

ಸೊಸೆಯ ಕೈಗಳು ಮಾತಾಡಿದವು. ಅವರ ಜೊತೆ ನಾನಿರ್ತೀನಿ. ನಿನಗೂ ಜಾಗ ಇದೆ, ಬೇಕಾದ್ರೆ ಬಾ.

ಮಗನ ಕಣ್ಣು ತುಂಬಿ ಬಂದದ್ದು ಆಗ.

ನಾಲ್ಕನೆಯದೂ ಬಂತು: ಜಗಳ ಆಡುವಾಗ ದೀಪ ಆರಿಸಿಬಿಡಲ್ಲ ತಾನೇ? ಕತ್ತಲಾದರೆ ಅವರಿಗೆ ಮಾತೇ ನಿಂತುಹೋಗುತ್ತದೆ. ಸೊಸೆ ಹೇಳಿದಳು: ಆರಿಸ್ತೀನಿ. ಆಮೇಲೆ ನಾನೇ ಹಚ್ತೀನಿ.

ಅತ್ತೆ ಬೆರಳು ತಿರುಗಿಸಿ, ಮತ್ತೆ ಹಾಕು ಎಂದರು. ಮತ್ತೆ ಹಾಕಿದಳು. ಮೂರನೇ ಸಲವೂ ಹಾಕಿದಳು. ಮೂರನೇ ಸಲ ಅವರು ಮಗನನ್ನೂ ನೋಡಲಿಲ್ಲ, ಸೊಸೆಯನ್ನೂ ನೋಡಲಿಲ್ಲ. ಕಣ್ಣು ಕಿರಿದು ಮಾಡಿ ಆ ಕತ್ತಲನ್ನೇ ನೋಡಿದರು. ಆಮೇಲೆ ಸೊಸೆಯ ಕಡೆ ತಿರುಗಿ ಕೈಯಲ್ಲಿ ಏನೋ ಹೇಳಿದರು. ಸೊಸೆ ಬೆಪ್ಪಾಗಿ ಬರೆದಳು.

“ನಡುವಿನ ಚಿತ್ರ ಒಂದೆಳೆ ತಡ ಅಂತಿದ್ದಾರೆ. ಬೇರೆ ಎರಡರ ದೀಪ ಆರಿದ ಮೇಲೆ ಅದರದ್ದು ಆರತ್ತೆ ಅಂತೆ.”

ಚಪ್ಪಾಳಮ್ಮ ಹತ್ತಿರ ಹೋಗಿ ಒಂದೊಂದೇ ಚಿತ್ರ ಸರಿಸಿ ನೋಡಿದಳು. ನಿಜ. ಒಂದೇ ಒಂದು ಚಿತ್ರದಷ್ಟು ಹಿಂದಿತ್ತು. ಸೆಕೆಂಡಿನ ಇಪ್ಪತ್ತೈದರಲ್ಲಿ ಒಂದು ಪಾಲು. ಒಂಬತ್ತು ವರ್ಷದ ಈ ಕೆಲಸದಲ್ಲಿ ಅವಳ ತಪ್ಪನ್ನು ಇಷ್ಟು ಹತ್ತಿರದಿಂದ ಹಿಡಿದವರಿಲ್ಲ. ಮೈದಾನದಾಚೆಯ ಸುತ್ತಿಗೆ ನೆನಪಾಯಿತು. ತನ್ನ ಹಾಗೆಯೇ ಅದನ್ನು ಸಹಿಸದ ಇನ್ನೊಬ್ಬರು ಇದ್ದಾರೆ ಅನ್ನಿಸಿ, ಬೈಸಿಕೊಂಡೂ ಸುಖವಾಯಿತು. ಸರಿಸಿ ಕೂರಿಸಿ ಮತ್ತೆ ತೋರಿಸಿದಳು. ಅತ್ತೆ ತಲೆಯಾಡಿಸಿದರು: ಈಗ ಸರಿ.

ಆಮೇಲೆ ಅವರು ಸೊಸೆಗೆ ಒಂದು ಮಾತು ಹೇಳಿದರು. ಸೊಸೆ ನಗಲು ಹೋಗಿ ಅತ್ತಳು. ನೋಟ್‌ಬುಕ್ಕಿನ ಮೇಲೆ ಎರಡು ಹನಿ ಬಿದ್ದು ಶಾಯಿ ಹರಡಿತು.

“ಏನಂದ್ರು?” ಮುಕ್ಕಾಲಿಗೆ ತಡೆಯಲಾಗಲಿಲ್ಲ.

ಹರಡಿದ ಅಕ್ಷರದಲ್ಲೇ ಅವಳು ತೋರಿಸಿದಳು: “ಐದು ಗಂಟೆಗೆ ಓಡೋದು ನನ್ನಿಂದಲೂ ಆಗಲ್ಲ ಅಂದ್ರು. ಬೆಳಿಗ್ಗೆ ಅವನು ಬಾಗಿಲು ಹಾಕ್ಕೊಂಡು ಹೋಗ್ಲಿ, ನಾವಿಬ್ಬರೂ ಮಲಗಿರೋಣ ಅಂತ.”

ಇಬ್ಬರೂ ಹೊರಟರು. ಮೆಟ್ಟಿಲಿಳಿಯುವಾಗ ಒಬ್ಬರ ಕೈ ಇನ್ನೊಬ್ಬರ ಹೆಗಲು ಹಿಡಿದಿತ್ತು, ಉಳಿದ ಕೈಗಳು ಬಿಡುವಿಲ್ಲದೆ ಹರಟುತ್ತಿದ್ದವು. ಕೆಳಗಿನ ಹಬೆಯಲ್ಲಿ ನೀಲಿ ಸೀರೆ ಸ್ವಲ್ಪ ಹೊತ್ತು ಕಂಡು ಕರಗಿತು.

ಅವರು ಹೋಗಿ ಅರ್ಧ ಗಂಟೆಯ ಮೇಲೆ ಮುಕ್ಕಾಲಿ ಕೂಗಿಕೊಂಡ. “ಚೀಲ! ಚೀಲ ಇಲ್ಲೇ ಬಿಟ್ಟು ಹೋಗಿದ್ದಾರೆ. ಒಂದು ಗಂಟೆ ಬಸ್ಸು! ಬಸ್‌ಸ್ಟ್ಯಾಂಡಿಗೆ ಓಡ್ಲಾ?”

“ಎಲ್ಲಿಗೂ ಓಡ್ಬೇಡಿ” ಎಂದಳು ಚಪ್ಪಾಳಮ್ಮ. “ನಿಮ್ಮ ಮರ್ಯಾದೆ ಇವತ್ತು ಒಂದಿನ ಸುಮ್ನಿರ್ಲಿ.”

ಚೀಲ ಕುರ್ಚಿಯ ಮೇಲೆ ಹಾಗೇ ಕೂತಿತ್ತು. ಹನ್ನೆರಡೂವರೆ ಆಗಿತ್ತು, ಅವಳು ಮನೆಗೆ ಹೋಗಿ ಮಗುವಿಗೆ ಹಾಲು ಕುಡಿಸಿ ಬಂದಳು. ಈ ಸಲ ಮಗು ನಡುವೆ ಬಾಯಿ ಬಿಟ್ಟು ನೋಡಲಿಲ್ಲ. ಭಾನುವಾರ ಸ್ಟುಡಿಯೋಗೆ ರಜೆ. ಸೋಮವಾರ ಬಂದು ನೋಡಿದರೂ ಚೀಲ ಅಲ್ಲೇ ಇತ್ತು, ಯಾರೂ ಕೇಳಿಕೊಂಡು ಬಂದಿರಲಿಲ್ಲ. “ಬಟ್ಟೆಗೆ ಏನು ಮಾಡ್ತಾರೋ ಪಾಪ” ಎಂದು ಮುಕ್ಕಾಲಿ ಪೇಚಾಡಿದ. “ಸೊಸೇದು ಉಟ್ಕೋತಾರೆ” ಎಂದಳು ಅವಳು, ಮತ್ತು ಮುಂದಿನ ಮದುವೆಯ ಪಟ್ಟಿಗಳನ್ನು ಹಾಸಲು ಕೂತಳು.